ಕೊಂಡ ಆಟಕ್ಕೆ ಒಡೆಯರು ಯಾರು?

ಅಂಗಡಿಯಲ್ಲಿ ಬೆಲೆ ತೆತ್ತು ಮನೆಗೆ ತಂದ ವಸ್ತು ತಂದವನದು. ಯಾವ ಕಾನೂನನ್ನೂ ಓದದವರಿಗೂ ತಿಳಿದಿರುವ ಮಾತು ಇದು. ಪಾತ್ರೆಯಾಗಲಿ, ಪುಸ್ತಕವಾಗಲಿ, ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಮಾರಬಹುದು, ನೆರೆಯವರು ಕೇಳಿದರೆ ನಾಲ್ಕು ದಿನಗಳ ಮಟ್ಟಿಗೆ ಕೊಟ್ಟು, ಅದು ಹಿಂದಿರುಗುವುದೋ ಇಲ್ಲವೋ ಎಂದು ದಾರಿ ಕಾಯಲೂಬಹುದು. ಒಂದು ಮನೆಗೆ ಬಂದ ವಾರಪತ್ರಿಕೆಯಲ್ಲಿ ನಾಲ್ಕು ಮನೆಯವರು ಧಾರಾವಾಹಿಯ ಕಂತನ್ನು ಓದಿ ಮುಗಿಸುವುದುಂಟು. ಅದನ್ನು ಅಪರಾಧವೆಂದು ಯಾರೂ ಬಗೆದಿಲ್ಲ.

ಇಷ್ಟು ಸರಳವಾದ ಈ ಮಾತು 2013ನೆಯ ಇಸವಿಯಲ್ಲಿ ದೊಡ್ಡದೊಂದು ಜಗಳಕ್ಕೆ ಕಾರಣವಾಯಿತು. ಜಗಳ ತೆಗೆದವರು ವಕೀಲರಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ಅವರು ವಿಡಿಯೋ ಗೇಮ್ ಆಡುವವರು, ಬಹುಮಟ್ಟಿಗೆ ತರುಣರು. ಆಟದಲ್ಲಿ ಕಾಲ ಕಳೆಯುವವರೆಂದು ಹಿರಿಯರಿಂದ ಬೈಸಿಕೊಳ್ಳುವ ಈ ಹುಡುಗರು ಎತ್ತಿದ ಪ್ರಶ್ನೆ ಮಾತ್ರ ಆಟದ್ದಾಗಿರಲಿಲ್ಲ.

ದಿನಕ್ಕೊಮ್ಮೆ ಹಾಜರಿ

ಟೆಲಿವಿಷನ್ನಿಗೆ ಜೋಡಿಸಿ ಆಟವಾಡುವ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಹಲವು ವರ್ಷಗಳಿಗೊಮ್ಮೆ ಹಳೆಯ ಯಂತ್ರಗಳನ್ನು ಹಿಂದಕ್ಕೆ ಸರಿಸಿ ಹೊಸ ತಲೆಮಾರಿನ ಯಂತ್ರಗಳು ಬರುತ್ತವೆ. 2013ರ ಮೇ 21ರಂದು ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಹೊಸ ಯಂತ್ರ ಎಕ್ಸ್‌ಬಾಕ್ಸ್ ಒನ್ ಅನ್ನು ಲೋಕಕ್ಕೆ ಪರಿಚಯಿಸಿತು. ಯಂತ್ರದ ಗುಣಗಾನ ಮುಗಿಯುವ ಮೊದಲೇ ಆಟಗಾರರಲ್ಲಿ ಒಂದು ಸಂಶಯ ಮೂಡಿತು: ಇದರಲ್ಲಿ ಹಳೆಯ ಡಿಸ್ಕುಗಳ ಮಾರಾಟಕ್ಕೆ ಅವಕಾಶವಿದೆಯೆ? ಇಂಟರ್‌ನೆಟ್ ಇಲ್ಲದಿದ್ದರೆ ಇದು ನಡೆದೀತೆ?

ಜೂನ್ 6ರಂದು ಸಂಸ್ಥೆಯೇ ತನ್ನ ನಿಯಮಗಳನ್ನು ವಿವರಿಸಿತು. ಯಂತ್ರವು 24 ಗಂಟೆಗಳಿಗೊಮ್ಮೆಯಾದರೂ ಇಂಟರ್‌ನೆಟ್ ಮೂಲಕ ಸಂಸ್ಥೆಯನ್ನು ಸಂಪರ್ಕಿಸಬೇಕು. ಸಂಪರ್ಕಿಸದಿದ್ದರೆ ಟೆಲಿವಿಷನ್ ನೋಡಬಹುದು, ಸಿನಿಮಾದ ಡಿಸ್ಕ್ ಹಾಕಬಹುದು. ಆಟ ಮಾತ್ರ ನಡೆಯದು. ಸ್ನೇಹಿತನ ಮನೆಗೆ ಹೋಗಿ ಅವನ ಯಂತ್ರದಲ್ಲಿ ತನ್ನ ಆಟವನ್ನು ಆಡಬೇಕೆಂದರೆ ಈ ಗಡುವು ಕೇವಲ ಒಂದು ಗಂಟೆ. ಆಟವನ್ನು ಮಿತ್ರನಿಗೆ ದಾನವಾಗಿ ಕೊಡಬಹುದು. ಆದರೆ ಆ ಮಿತ್ರನ ಹೆಸರು ಕನಿಷ್ಠ 30 ದಿನಗಳಿಂದ ಸ್ನೇಹಿತರ ಪಟ್ಟಿಯಲ್ಲಿರಬೇಕು, ಮತ್ತು ಒಂದು ಆಟ ಹಾಗೆ ಕೈ ಬದಲಾಯಿಸುವುದು ಒಂದೇ ಒಂದು ಬಾರಿ. ಹಳೆಯ ಡಿಸ್ಕನ್ನು ಮಾರಬೇಕೆಂದರೆ ಆ ಆಟದ ಪ್ರಕಾಶಕರು ಅನುಮತಿಸಿರಬೇಕು, ಮಾರುವ ಅಂಗಡಿಯೂ ಈ ವ್ಯವಸ್ಥೆಯಲ್ಲಿ ಸೇರಿರಬೇಕು. ಎರವಲು ಮತ್ತು ಬಾಡಿಗೆಗಳಿಗೆ ಆರಂಭದಲ್ಲಿ ಅವಕಾಶವೇ ಇಲ್ಲ.

ಅಂದರೆ, ಡಿಸ್ಕ್ ಕೈಯಲ್ಲಿದ್ದರೂ ಆಟ ಕೈಯಲ್ಲಿಲ್ಲ. ಕೊಂಡವನಿಗೆ ದೊರೆತದ್ದು ಆಡಲು ಒಂದು ಪರವಾನಗಿ. ಆ ಪರವಾನಗಿ ಇನ್ನೂ ಚಾಲ್ತಿಯಲ್ಲಿದೆಯೆ ಎಂದು ಯಂತ್ರವು ದಿನಕ್ಕೊಮ್ಮೆ ಒಡೆಯನನ್ನು ಕೇಳಿ ಬರಬೇಕು. ಇಂತಹ ಏರ್ಪಾಡುಗಳನ್ನೇ ಡಿಜಿಟಲ್ ಹಕ್ಕುಗಳ ನಿರ್ಬಂಧವೆಂದು ಕರೆಯುತ್ತಾರೆ. ನಕಲು ಮಾಡುವ ಕಳ್ಳನನ್ನು ತಡೆಯಲು ಹುಟ್ಟಿದ ಬೀಗ ಇದು. ಆದರೆ ಬೀಗಕ್ಕೆ ಕಳ್ಳನಾರು, ಮನೆಯವನಾರು ಎಂಬ ವಿವೇಚನೆ ಇರುವುದಿಲ್ಲ.

ಆಟದ ಯಂತ್ರಕ್ಕೆ ಬೀಗ ಬಿದ್ದುದು ಅಂದೇ ಮೊದಲೂ ಅಲ್ಲ. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರ ನೆಲ ಕಚ್ಚಿತು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದುದು ಅದಕ್ಕೆ ಒಂದು ಕಾರಣ. ಜಪಾನಿನ ನಿಂಟೆಂಡೊ ಸಂಸ್ಥೆ 1985ರಲ್ಲಿ ಅಮೆರಿಕಕ್ಕೆ ತನ್ನ ಯಂತ್ರವನ್ನು ತಂದಾಗ ಅದರೊಳಗೆ ಒಂದು ಸಣ್ಣ ಚಿಪ್ಪನ್ನು ಕೂಡಿಸಿತು. ಆಟದ ಕಾರ್ಟ್ರಿಜ್‌ನಲ್ಲಿಯೂ ಅದರ ಜೋಡಿ ಚಿಪ್ಪು ಇದ್ದರೆ ಮಾತ್ರ ಯಂತ್ರ ನಡೆಯುತ್ತಿತ್ತು. ಅನುಮತಿ ಪಡೆಯದೆ ಆಟ ತಯಾರಿಸುವವರನ್ನು ಹೊರಗಿಡುವುದು ಅದರ ಉದ್ದೇಶ. ಆದರೆ ಆ ಬೀಗ ಬಿದ್ದುದು ತಯಾರಕನ ಬಾಗಿಲಿಗೆ. ಕೊಂಡ ಹುಡುಗ ಕಾರ್ಟ್ರಿಜನ್ನು ಜೇಬಿನಲ್ಲಿಟ್ಟುಕೊಂಡು ಗೆಳೆಯನ ಮನೆಗೆ ಓಡುವುದಕ್ಕೆ ಅದರಿಂದ ಅಡ್ಡಿಯಾಗಲಿಲ್ಲ. 2013ರ ಬೀಗ ಆ ಹುಡುಗನ ಜೇಬಿಗೇ ಬಿದ್ದಿತು.

ಎರಡು ಪಕ್ಷಗಳು

ಆಟಗಾರರೆಲ್ಲರೂ ಒಂದೇ ದನಿಯಲ್ಲಿ ಕೂಗಿದರೆಂದು ಭಾವಿಸಬಾರದು. ಹೊಸ ನಿಯಮಗಳ ಪರವಾಗಿಯೂ ವಾದಿಸಿದವರಿದ್ದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

ಒಂದು ದೊಡ್ಡ ಆಟವನ್ನು ತಯಾರಿಸಲು ನೂರಾರು ಜನ ವರ್ಷಗಟ್ಟಲೆ ದುಡಿಯಬೇಕು. ಅಂಗಡಿಯವನು ಹಳೆಯ ಡಿಸ್ಕನ್ನು ಅಗ್ಗಕ್ಕೆ ಕೊಂಡು, ಲಾಭವಿಟ್ಟು ಮತ್ತೊಬ್ಬನಿಗೆ ಮಾರಿದಾಗ ಆ ದುಡಿದವರಿಗೆ ಬಿಡಿಗಾಸೂ ಸೇರುವುದಿಲ್ಲ. ಅಮೆರಿಕದಲ್ಲಿ ಗೇಮ್‌ಸ್ಟಾಪ್ ಎಂಬ ಅಂಗಡಿಗಳ ದೊಡ್ಡ ಸರಪಳಿಯ ಲಾಭದಲ್ಲಿ ಹಿರಿಯ ಪಾಲು ಇಂತಹ ಹಳೆಯ ಡಿಸ್ಕುಗಳಿಂದಲೇ ಬರುತ್ತಿದ್ದಿತು. ಮರುಮಾರಾಟ ನಿಂತರೆ ಹೊಸ ಆಟದ ಬೆಲೆಯೇ ಇಳಿಯಬಹುದೆಂದು ಈ ಪಕ್ಷದವರು ಹೇಳಿದರು. ಕಂಪ್ಯೂಟರ್ ಆಟಗಳ ಲೋಕದಲ್ಲಿ 2003ರಿಂದ ನಡೆದುಬಂದ ಸ್ಟೀಮ್ ಎಂಬ ಮಾರಾಟ ವ್ಯವಸ್ಥೆಯನ್ನು ಉದಾಹರಣೆಯಾಗಿ ಮುಂದಿಟ್ಟರು. ಅಲ್ಲಿ ಕೊಂಡ ಆಟವನ್ನು ಮಾರುವಂತಿಲ್ಲ. ಆದರೂ ಆಗಾಗ ಬೆಲೆ ಬಹಳ ಇಳಿಯುವುದರಿಂದ ಯಾರೂ ಅಷ್ಟಾಗಿ ಗೊಣಗಿರಲಿಲ್ಲ. ಅಲ್ಲದೆ ಮೈಕ್ರೋಸಾಫ್ಟ್ ಇನ್ನೊಂದು ಆಶೆಯನ್ನೂ ತೋರಿಸಿತ್ತು: ಒಬ್ಬನು ಕೊಂಡ ಆಟಗಳ ಭಂಡಾರವನ್ನು ಕುಟುಂಬದ ಹತ್ತು ಮಂದಿ ಎಲ್ಲಿಂದ ಬೇಕಾದರೂ ಬಳಸಬಹುದು, ಪ್ರತಿಸಲವೂ ಯಂತ್ರಕ್ಕೆ ಡಿಸ್ಕ್ ಹಾಕುವ ತೊಂದರೆಯೂ ಇಲ್ಲ.

ಎದುರು ಪಕ್ಷದವರ ಉತ್ತರ ಇಷ್ಟು: ಬೆಲೆ ಇಳಿಯಬಹುದೆಂಬುದು ಆಶೆ, ಹಕ್ಕು ಹೋಗುವುದು ನಿಶ್ಚಯ. ಸ್ಟೀಮ್‌ನಲ್ಲಿ ಬೆಲೆ ಇಳಿದುದಕ್ಕೆ ಕಂಪ್ಯೂಟರ್ ಆಟಗಳನ್ನು ಮಾರುವ ಬೇರೆ ಅಂಗಡಿಗಳ ಪೈಪೋಟಿಯೂ ಕಾರಣ. ಕನ್ಸೋಲಿನೊಳಗೆ ಇರುವುದು ಒಂದೇ ಅಂಗಡಿ. ಹಳೆಯ ಡಿಸ್ಕು ಮಾರಿ ಬಂದ ಹಣವನ್ನು ಸೇರಿಸಿಯೇ ಎಷ್ಟೋ ಹುಡುಗರು ಹೊಸ ಆಟ ಕೊಳ್ಳುವುದು. ಆ ದಾರಿಯನ್ನು ಮುಚ್ಚಿದರೆ ಹೊಸದನ್ನು ಕೊಳ್ಳುವವರೇ ಕಡಿಮೆಯಾದಾರು.

ಇಂಟರ್‌ನೆಟ್ ಕುರಿತ ಭಯವೂ ಬರಿಯ ಊಹೆಯಾಗಿರಲಿಲ್ಲ. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಸಿಮ್‌ಸಿಟಿ ಎಂಬ ನಗರ ಕಟ್ಟುವ ಆಟ ಹೊರಬಂದಿತ್ತು. ಒಬ್ಬನೇ ಕುಳಿತು ಆಡುವುದಕ್ಕೂ ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕಡ್ಡಾಯ. ಮೊದಲ ದಿನಗಳಲ್ಲಿ ತಯಾರಕರ ಸರ್ವರುಗಳು ಭಾರ ತಡೆಯಲಾರದೆ ಕುಸಿದವು. ಪೂರ್ಣ ಬೆಲೆ ತೆತ್ತವರು ಬಾಗಿಲಲ್ಲಿ ನಿಂತು ಕಾಯಬೇಕಾಯಿತು. ಕೊನೆಗೆ ಸಂಸ್ಥೆ ಕೊಂಡವರಿಗೆ ಇನ್ನೊಂದು ಆಟವನ್ನು ಉಚಿತವಾಗಿ ನೀಡಿ ಸಮಾಧಾನಪಡಿಸಿತು. ಸಂಪರ್ಕವಿಲ್ಲದೆ ಆಡುವ ಅನುಕೂಲ ಬಂದುದು ಒಂದು ವರ್ಷದ ಅನಂತರ, 2014ರಲ್ಲಿ.

ದಿನಕ್ಕೊಮ್ಮೆಯ ಹಾಜರಿ ಯಾರಿಗೆ ಸುಲಭ, ಯಾರಿಗೆ ಕಷ್ಟ ಎಂಬ ಪ್ರಶ್ನೆಯೂ ಎದ್ದಿತು. ಸಮುದ್ರದ ನಡುವೆ ಹಡಗಿನಲ್ಲಿರುವ ನಾವಿಕ, ದೂರದೇಶದ ಶಿಬಿರದಲ್ಲಿರುವ ಸೈನಿಕ, ತಂತಿ ತಲಪದ ಹಳ್ಳಿಯ ಮನೆ, ಇವರೆಲ್ಲ ಏನು ಮಾಡಬೇಕು? ಸೈನ್ಯದಲ್ಲಿದ್ದವರೇ ಬಹಿರಂಗವಾಗಿ ಅಸಮಾಧಾನವನ್ನು ಸೂಚಿಸಿದರು. ಇನ್ನೊಂದು ವಿಚಿತ್ರವೂ ಬೆಳಕಿಗೆ ಬಂದಿತು. ಯಂತ್ರಕ್ಕೆ ಆರಂಭದಲ್ಲಿ ಮಾನ್ಯತೆಯಿದ್ದುದು 21 ದೇಶಗಳಲ್ಲಿ ಮಾತ್ರ. ಅವುಗಳ ಹೊರಗೆ ಆಟ ನಡೆಯುವ ಭರವಸೆ ಇರಲಿಲ್ಲ. ಅದೇ ಯಂತ್ರಕ್ಕಾಗಿ ದೊಡ್ಡ ಆಟವೊಂದನ್ನು ಸಿದ್ಧಪಡಿಸುತ್ತಿದ್ದ ಸಂಸ್ಥೆ ಪೋಲೆಂಡಿನದು. ಆ ಪಟ್ಟಿಯಲ್ಲಿ ಪೋಲೆಂಡಿನ ಹೆಸರೇ ಇರಲಿಲ್ಲ. ಅಡಿಗೆ ಮಾಡಿದವರಿಗೇ ಎಲೆ ಹಾಕದ ಊಟದಂತಾಯಿತು. ಭಾರತದ ಹೆಸರೂ ಅದರಲ್ಲಿರಲಿಲ್ಲ.

ಅರ್ಧ ನಿಮಿಷದ ಉತ್ತರ

ಜೂನ್ 10ರಂದು ಲಾಸ್ ಏಂಜಲೀಸ್ ನಗರದಲ್ಲಿ ಇ-3 ಎಂಬ ವಾರ್ಷಿಕ ಮೇಳದ ಸಂದರ್ಭ. ಬೆಳಿಗ್ಗೆ ಮೈಕ್ರೋಸಾಫ್ಟ್ ತನ್ನ ಯಂತ್ರದ ಬೆಲೆ 499 ಡಾಲರ್ ಎಂದು ಘೋಷಿಸಿತು. ಅದೇ ದಿನ ಸಂಜೆ ಪ್ರತಿಸ್ಪರ್ಧಿಯಾದ ಜಪಾನಿನ ಸೋನಿ ಸಂಸ್ಥೆಯ ಸರದಿ. ತಮ್ಮ ಪ್ಲೇಸ್ಟೇಷನ್ 4 ಯಂತ್ರದಲ್ಲಿ ಹಳೆಯ ಡಿಸ್ಕುಗಳಿಗೆ ಯಾವ ನಿರ್ಬಂಧವೂ ಇಲ್ಲ, ಆಟ ಕೊಂಡವರು ಅದನ್ನು ಮಾರಬಹುದು, ಎರವಲು ಕೊಡಬಹುದು, ಶಾಶ್ವತವಾಗಿ ಇಟ್ಟುಕೊಳ್ಳಬಹುದು, ಇಂಟರ್‌ನೆಟ್ ಹಾಜರಿಯೂ ಬೇಕಿಲ್ಲ ಎಂದು ಆ ಸಂಸ್ಥೆಯ ಅಮೆರಿಕ ಶಾಖೆಯ ಮುಖ್ಯಸ್ಥ ಜ್ಯಾಕ್ ಟ್ರೆಟನ್ ವೇದಿಕೆಯ ಮೇಲೆ ಸಾರಿದಾಗ ಸಭಾಂಗಣ ಹರ್ಷೋದ್ಗಾರದಿಂದ ತುಂಬಿತು. ಯಾವ ಹೊಸ ಸೌಲಭ್ಯವನ್ನೂ ಅವರು ಕೊಟ್ಟಿರಲಿಲ್ಲ. ಇದ್ದುದನ್ನು ಕಿತ್ತುಕೊಳ್ಳುವುದಿಲ್ಲವೆಂದು ಹೇಳಿದ್ದರು, ಅಷ್ಟೆ. ಬೆಲೆ 399 ಡಾಲರ್. ಪ್ರತಿಸ್ಪರ್ಧಿಗಿಂತ 100 ಡಾಲರ್ ಕಡಿಮೆ.

ಜೊತೆಗೆ ಸೋನಿ ಅರ್ಧ ನಿಮಿಷಕ್ಕೂ ಚಿಕ್ಕದಾದ ಒಂದು ಚಿತ್ರವನ್ನು ಬಿಡುಗಡೆ ಮಾಡಿತು. ಪ್ಲೇಸ್ಟೇಷನ್ 4ರಲ್ಲಿ ಆಟವನ್ನು ಹಂಚಿಕೊಳ್ಳುವ ವಿಧಾನವನ್ನು ಕಲಿಸುವ ಪಾಠವೆಂದು ಅದರ ಹೆಸರು. ಅದರಲ್ಲಿ ಸಂಸ್ಥೆಯ ಹಿರಿಯ ಅಧಿಕಾರಿ ಶುಹೇಯಿ ಯೋಶಿದಾ ಪಕ್ಕದಲ್ಲಿ ನಿಂತ ಸಹೋದ್ಯೋಗಿಯ ಕೈಗೆ ಆಟದ ಡಿಸ್ಕನ್ನು ಕೊಡುತ್ತಾರೆ. ಅವರು ವಂದನೆ ಹೇಳುತ್ತಾರೆ. ಪಾಠ ಮುಗಿಯಿತು. ಪುಟಗಟ್ಟಲೆ ನಿಯಮಾವಳಿಗೆ ಇದಕ್ಕಿಂತ ಕಟುವಾದ ಉತ್ತರವನ್ನು ಯಾವ ವಕೀಲನೂ ಬರೆಯಲಾರನು.

ಇತ್ತ ಎಕ್ಸ್‌ಬಾಕ್ಸ್ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಒಂದು ಸಂದರ್ಶನದಲ್ಲಿ ಆಡಿದ ಮಾತು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಇಂಟರ್‌ನೆಟ್ ಸಂಪರ್ಕವಿಲ್ಲದವರಿಗೂ ತಮ್ಮಲ್ಲಿ ಒಂದು ಯಂತ್ರವಿದೆ, ಅದು ಎಕ್ಸ್‌ಬಾಕ್ಸ್ 360 ಎಂಬುದು ಅವರ ಉತ್ತರದ ಸಾರಾಂಶ. 360 ಎಂಬುದು 2005ರಲ್ಲಿ ಬಂದ ಹಳೆಯ ಯಂತ್ರ. ಅನುಕೂಲವಿಲ್ಲದವರು ಹಿಂದೆಯೇ ಉಳಿಯಲಿ ಎಂಬಂತೆ ಆ ಮಾತು ಕೇಳಿಸಿತು.

ಒಂಬತ್ತು ದಿನಗಳ ಬಳಿಕ, ಜೂನ್ 19ರಂದು, ಅದೇ ಮ್ಯಾಟ್ರಿಕ್ ಅವರ ಹೆಸರಿನಲ್ಲಿ ಪ್ರಕಟಣೆ ಹೊರಬಿದ್ದಿತು: ದಿನಕ್ಕೊಮ್ಮೆಯ ಹಾಜರಿ ರದ್ದು, ಯಂತ್ರವನ್ನು ಮೊದಲಬಾರಿ ಸಿದ್ಧಗೊಳಿಸುವಾಗ ಒಮ್ಮೆ ಸಂಪರ್ಕವಿದ್ದರೆ ಸಾಕು, ಡಿಸ್ಕುಗಳನ್ನು ಮೊದಲಿನಂತೆಯೇ ಮಾರಬಹುದು, ಕೊಡಬಹುದು, ಬಾಡಿಗೆಗೆ ತರಬಹುದು, ದೇಶದ ಎಲ್ಲೆಯೂ ಇಲ್ಲ. ಇದರೊಡನೆ ಹತ್ತು ಮಂದಿಯ ಕುಟುಂಬ ಭಂಡಾರವೂ ಹೋಯಿತು. ತಮಾಷೆಯೆಂದರೆ, ಅದನ್ನು ಹಿಂದಿರುಗಿಸಬೇಕೆಂದು ಕೆಲವು ಆಟಗಾರರು ಸಹಿ ಸಂಗ್ರಹಿಸಲು ಹೊರಟರು! ಜುಲೈ ಮೊದಲ ದಿನ ಮ್ಯಾಟ್ರಿಕ್ ಸಂಸ್ಥೆಯನ್ನು ಬಿಡುವ ಸುದ್ದಿ ಬಂದಿತು. ಯಂತ್ರವು ನವೆಂಬರ್ 22ರಂದು 13 ದೇಶಗಳಲ್ಲಿ ಮಾರಾಟಕ್ಕೆ ಬಂದಿತು. ಭಾರತಕ್ಕೆ ಬಂದುದು 2014ರ ಸೆಪ್ಟೆಂಬರಿನಲ್ಲಿ. ಪ್ಲೇಸ್ಟೇಷನ್ 4 ಮುಂದೆ 11 ಕೋಟಿ 70 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಮೈಕ್ರೋಸಾಫ್ಟ್ 2015ರಿಂದ ತನ್ನ ಯಂತ್ರಗಳ ಮಾರಾಟದ ಲೆಕ್ಕವನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಇದಕ್ಕೆಲ್ಲ ಆ ಒಂದು ಜಗಳವೇ ಕಾರಣವೆನ್ನಲಾಗದು; 100 ಡಾಲರುಗಳ ಅಂತರವೂ ಸಣ್ಣದಲ್ಲ.

ಒಂದು ಡಾಲರಿನ ಕಾದಂಬರಿ

ಈ ವಿವಾದದ ಬೇರು ಬಹಳ ಹಳೆಯದು. 1904ರಲ್ಲಿ ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿಯನ್ನು ಪ್ರಕಟಿಸಿತು. ಪುಸ್ತಕದೊಳಗೇ ಒಂದು ಎಚ್ಚರಿಕೆ ಅಚ್ಚಾಗಿದ್ದಿತು: ಬೆಲೆ ಒಂದು ಡಾಲರ್, ಅದಕ್ಕಿಂತ ಕಡಿಮೆಗೆ ಮಾರಲು ಯಾವ ವ್ಯಾಪಾರಿಗೂ ಪರವಾನಗಿ ಇಲ್ಲ, ಮಾರಿದರೆ ಕೃತಿಸ್ವಾಮ್ಯದ ಉಲ್ಲಂಘನೆ. ನ್ಯೂಯಾರ್ಕಿನ ಮೇಸೀಸ್ ಅಂಗಡಿಯವರು ಆ ಪುಸ್ತಕವನ್ನು 89 ಸೆಂಟುಗಳಿಗೆ ಮಾರಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಅದರ ಮುಂದಿನ ಮಾರಾಟವನ್ನು ನಿಯಂತ್ರಿಸುವ ಹಕ್ಕು ಕೃತಿಸ್ವಾಮ್ಯ ಉಳ್ಳವರಿಗೆ ಇಲ್ಲವೆಂದು 1908ರಲ್ಲಿ ತೀರ್ಪಾಯಿತು. ಅಮೆರಿಕದಲ್ಲಿ ಹಳೆಯ ಪುಸ್ತಕದ ಅಂಗಡಿಯೂ ಹಳೆಯ ಡಿಸ್ಕಿನ ಅಂಗಡಿಯೂ ನಿಂತಿರುವುದು ಈ ತತ್ತ್ವದ ಮೇಲೆ.

ಆದರೆ ಕಾಗದದ ಪುಸ್ತಕ ಮಾರಿದವನ ಕೈ ಬಿಟ್ಟುಹೋಗುತ್ತದೆ. ಕಂಪ್ಯೂಟರಿನ ಕಡತ ಹಾಗಲ್ಲ. ಒಂದನ್ನು ಕೊಟ್ಟು ಅದೇ ಇನ್ನೊಂದನ್ನು ಇಟ್ಟುಕೊಳ್ಳಬಹುದು. ಆದುದರಿಂದಲೇ ನ್ಯಾಯಾಲಯಗಳಿಗೆ ಇಲ್ಲಿ ತೊಡಕಾಗಿದೆ. ಡೌನ್‌ಲೋಡ್ ಮಾಡಿಕೊಂಡ ಕಂಪ್ಯೂಟರ್ ಪ್ರೋಗ್ರಾಮಿನ ಪರವಾನಗಿಯನ್ನು ಕೊಂಡವನು, ತನ್ನ ಪ್ರತಿಯನ್ನು ಅಳಿಸಿ, ಮತ್ತೊಬ್ಬನಿಗೆ ಮಾರಬಹುದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಹೇಳಿತು. ಅದೇ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ, ವಿದ್ಯುನ್ಮಾನ ಪುಸ್ತಕಗಳಿಗೆ ಆ ಸ್ವಾತಂತ್ರ್ಯ ಅನ್ವಯಿಸದೆಂದಿತು. ಸ್ಟೀಮ್‌ನ ಆಟಗಳನ್ನು ಮರುಮಾರಾಟ ಮಾಡಬಹುದೆಂದು 2019ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ನ್ಯಾಯಾಲಯವೊಂದು ಗ್ರಾಹಕರ ಪರವಾಗಿ ತೀರ್ಪಿತ್ತಿತು. 2022ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬೀಗ ಒಡೆಯುವುದಂತೂ ಬೇರೆಯೇ ಅಪರಾಧ. ಅಮೆರಿಕದಲ್ಲಿ 1998ರ ಶಾಸನ ಅದನ್ನು ನಿಷೇಧಿಸಿತು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಗೂ 2012ರಲ್ಲಿ 65-ಎ ಎಂಬ ವಿಧಿ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ರಕ್ಷಣೆಯನ್ನು ಭೇದಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆಮನೆ ಮತ್ತು ಜುಲ್ಮಾನೆ.

ಗೆದ್ದ ಮೇಲೆ

2013ರಲ್ಲಿ ಆಟಗಾರರು ಗೆದ್ದರು. ಗೆದ್ದುದು ಉಳಿಯಿತೆ ಎಂಬುದು ಬೇರೆ ಮಾತು.

ಅಂದು ಆಜ್ಞೆಯಾಗಿ ಬಂದುದನ್ನು ಜನ ತಳ್ಳಿದರು. ಅನಂತರ ಅದೇ ಅನುಕೂಲವಾಗಿ ಬಂದಾಗ ಒಳಗೆ ಕರೆದರು. ಅಂಗಡಿಗೆ ಹೋಗುವ ಶ್ರಮವಿಲ್ಲ, ಡಿಸ್ಕ್ ಗೀಚುವ ಭಯವಿಲ್ಲ, ಮನೆಯಲ್ಲಿಯೇ ಕುಳಿತು ಡೌನ್‌ಲೋಡ್ ಮಾಡಿಕೊಂಡರಾಯಿತು. 2020ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಮತ್ತು ಸೋನಿ ಎರಡೂ ಸಂಸ್ಥೆಗಳು ಡಿಸ್ಕ್ ಹಾಕುವ ಕಂಡಿಯೇ ಇಲ್ಲದ ಯಂತ್ರಗಳನ್ನು ಅಗ್ಗದ ಬೆಲೆಗೆ ಮಾರಾಟಕ್ಕಿಟ್ಟವು. ಕಂಡಿಯಿಲ್ಲದ ಮೇಲೆ ಎರವಲು ಕೊಡುವ ಪ್ರಶ್ನೆ ಎಲ್ಲಿ ಬಂತು? 2023ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 5ಕ್ಕೆ ಬೇರೆಯಾಗಿ ಜೋಡಿಸಬಹುದಾದ ಡಿಸ್ಕ್ ಡ್ರೈವನ್ನು ತಂದಿತು. ಅದನ್ನು ಯಂತ್ರಕ್ಕೆ ಕೂಡಿಸಬೇಕಾದರೂ ಒಮ್ಮೆ ಇಂಟರ್‌ನೆಟ್ ಅನುಮತಿ ಬೇಕು. 2025ರ ಜೂನ್ 5ರಂದು ನಿಂಟೆಂಡೊ ಸಂಸ್ಥೆ ಸ್ವಿಚ್ 2 ಯಂತ್ರವನ್ನು ಹೊರತಂದಾಗ ಅದರೊಡನೆ ಒಂದು ಹೊಸ ಬಗೆಯ ಕಾರ್ಡೂ ಬಂದಿತು. ಈ ಕಾರ್ಡಿನಲ್ಲಿ ಪೂರ್ತಿ ಆಟವಿಲ್ಲ. ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳುವ ಕೀಲಿ ಮಾತ್ರ ಇದೆ. ಕಾರ್ಡನ್ನು ಮಾರಬಹುದು, ಕೊಡಬಹುದು ಎಂಬುದೇ ಸಮಾಧಾನ. ಸರ್ವರು ಇರುವವರೆಗೆ ಕೀಲಿಗೆ ಬೆಲೆಯುಂಟು.

ಸರ್ವರುಗಳು ಚಿರಂಜೀವಿಗಳಲ್ಲ. ನಿಂಟೆಂಡೊ ತನ್ನ ಹಳೆಯ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವನ್ನು 2023ರ ಮಾರ್ಚಿನಲ್ಲಿ ನಿಲ್ಲಿಸಿತು. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈನಲ್ಲಿ ಮುಚ್ಚಿತು. ಸಂಪರ್ಕವಿಲ್ಲದವರಿಗೆ ಮ್ಯಾಟ್ರಿಕ್ ತೋರಿಸಿದ್ದ ಆಸರೆ ಅದೇ ಯಂತ್ರ. ಇನ್ನೂ ಕಠಿಣವಾದ ಪ್ರಸಂಗ ‘ದಿ ಕ್ರೂ’ ಎಂಬ ಕಾರೋಟದ ಆಟದ್ದು. 2014ರಲ್ಲಿ ಯೂಬಿಸಾಫ್ಟ್ ಸಂಸ್ಥೆ ಅದನ್ನು ಮಾರಾಟಕ್ಕೆ ತಂದಿತು. 2024ರ ಮಾರ್ಚ್ 31ರಂದು ಅದರ ಸರ್ವರುಗಳನ್ನು ನಿಲ್ಲಿಸಿತು. ಅಂದಿನಿಂದ, ಒಬ್ಬರೇ ಆಡುವುದಕ್ಕೂ ಆ ಆಟ ತೆರೆಯದಾಯಿತು. ಡಿಸ್ಕ್ ಇಟ್ಟುಕೊಂಡವರ ಬಳಿ ಉಳಿದುದು ಹೊಳೆಯುವ ಒಂದು ಬಿಲ್ಲೆ.

ಇದು ಮತ್ತೊಂದು ಚಳವಳಿಗೆ ನಾಂದಿಯಾಯಿತು. ಮಾರಿದ ಆಟವನ್ನು ಕೊಲ್ಲಬೇಡಿ, ಸರ್ವರು ನಿಲ್ಲಿಸುವಾಗ ಜನರು ತಾವೇ ಆಡಿಕೊಳ್ಳುವ ಏರ್ಪಾಡನ್ನಾದರೂ ಬಿಟ್ಟುಹೋಗಿ ಎಂಬುದು ಅದರ ಬೇಡಿಕೆ. ಐರೋಪ್ಯ ಒಕ್ಕೂಟಕ್ಕೆ ಸಲ್ಲಿಸಬೇಕಾದ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮೀರಿ ಸಹಿಗಳು ಬಿದ್ದವು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಒಂದು ಶಾಸನ ಮಾಡಿತು; 2025ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಮುಂದೆಂದಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದಾದ ಡಿಜಿಟಲ್ ಸರಕನ್ನು ಮಾರುವವರು, ಅದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದವನ್ನು ಬಳಸುವಂತಿಲ್ಲ. ಶಾಸನವು ಹಕ್ಕನ್ನು ಹಿಂದಿರುಗಿಸಲಿಲ್ಲ, ಮಾತನ್ನು ಸರಿಪಡಿಸಿತು. ಅದೂ ಸಣ್ಣ ಲಾಭವಲ್ಲ.

ಏಕೆಂದರೆ ಬಾಡಿಗೆಗೆ ಕೊಡುವುದು ತಪ್ಪಲ್ಲ, ಬಾಡಿಗೆಗೆ ಪಡೆಯುವುದೂ ತಪ್ಪಲ್ಲ. ಬಾಡಿಗೆಯೆಂದು ತಿಳಿದು ಪಡೆದವನು ಬಾಡಿಗೆಯ ಬೆಲೆಯನ್ನೇ ಕೊಡುತ್ತಾನೆ, ಒಂದು ದಿನ ಬಿಟ್ಟುಕೊಡಬೇಕೆಂಬುದನ್ನೂ ಅರಿತಿರುತ್ತಾನೆ. ಕ್ರಯಪತ್ರ ಬರೆಸಿಕೊಟ್ಟು, ಅನಂತರ ಇದು ಬಾಡಿಗೆ ಕರಾರು ಎನ್ನುವುದೇ ತಪ್ಪು. ಈ ವ್ಯತ್ಯಾಸವನ್ನು ಕಂಡುಹಿಡಿದು ಕೂಗಿದವರಲ್ಲಿ ಆಟದ ಹುಡುಗರೂ ಸೇರಿದ್ದರು. ಆದರೆ ಇದು ಅವರೊಬ್ಬರಿಗೇ ಸೇರಿದುದಲ್ಲ. ಸಂಗೀತ, ಸಿನಿಮಾ, ಪುಸ್ತಕಗಳೆಲ್ಲವೂ ಇದೇ ದಾರಿಯಲ್ಲಿ ನಡೆದಿವೆ.

ಮಕ್ಕಳ ಹುಟ್ಟುಹಬ್ಬಕ್ಕೋ, ಪರೀಕ್ಷೆ ತೇರ್ಗಡೆಯಾದ ಸಂತೋಷಕ್ಕೋ ಇಂತಹ ಯಂತ್ರವೊಂದನ್ನು ಮನೆಗೆ ತರಹೊರಟ ತಂದೆತಾಯಿಗಳು ಅಂಗಡಿಯಲ್ಲಿ ಬೆಲೆಯನ್ನು ಕೇಳುವುದು ಸಹಜ. ಅದರೊಡನೆ ಇನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಇಂಟರ್‌ನೆಟ್ ಇಲ್ಲದ ದಿನ ಇದು ನಡೆಯುತ್ತದೆಯೆ? ಆಡಿ ಮುಗಿದ ಆಟವನ್ನು ತಂಗಿಗೋ ಗೆಳೆಯನಿಗೋ ಕೊಡಬಹುದೆ? ತಯಾರಿಸಿದವರು ಅಂಗಡಿ ಮುಚ್ಚಿದ ಮೇಲೆ ಏನು ಉಳಿಯುತ್ತದೆ? ಉತ್ತರ ತಿಳಿದ ಮೇಲೆ ಕೊಂಡರೂ ಸರಿ, ಬಿಟ್ಟರೂ ಸರಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಮನೆಯ ಹುಡುಗರನ್ನೇ ಕೇಳಬಹುದು. ಅವರು 2013ರಿಂದಲೂ ಇದನ್ನೇ ಚರ್ಚಿಸುತ್ತಿದ್ದಾರೆ.